ನುಂಗಿದ ಪ್ರಶ್ನೆ

ಸಂಸದರು ಬರುತ್ತಿದ್ದಾರೆ, ತಮಿಳಿನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವವರು ಬೇಕು ಎಂದು ತಾಲ್ಲೂಕು ಕಚೇರಿಯಿಂದ ಫೋನ್ ಬಂದಾಗ ನಾನು ಉಬ್ಬಿಹೋದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಮಿಳುನಾಡಿನ ಪೊಳ್ಳಾಚಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳನ್ನು ಆಮೇಲೆ ಯಾರು ಕೇಳುತ್ತಾರೆ? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್ ಎಂದು ಬದುಕಿದವಳು ನಾನು. ಕನ್ನಡದ ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ. ಅಂತೂ ಕಲಿತ ಭಾಷೆಗೆ ಒಂದು ಬೆಲೆ ಬಂತಲ್ಲ ಎಂದು ಒಳ್ಳೆಯ ಸೀರೆ ಉಟ್ಟು ಕಾರು ಹತ್ತಿದೆ.

ಲಂಕೆಯ ಸಂಸತ್ತಿನಿಂದ ಐದು ಜನ, ನಮ್ಮ ಸಂಸತ್ತಿನಿಂದ ಮೂವರು. ಲಂಕೆಯ ಯುದ್ಧಕಾಲದಲ್ಲಿ ಕಡಲು ದಾಟಿ ಬಂದ ತಮಿಳರು ಇವತ್ತಿಗೂ ಇರುವ ಶಿಬಿರವೊಂದು ತೆಂಗಿನ ತೋಪುಗಳ ನಡುವೆ ಇದೆ. ಅಲ್ಲಿಗೆ ನಮ್ಮ ಪಯಣ. ಒಪ್ಪಂದಕ್ಕೆ ಸಹಿ ಹಾಕುವುದು ಸರಕಾರಗಳ ಕೆಲಸ, ನಮ್ಮದು ಕೂತು ಮಾತಾಡುವುದು, ಕೇಳಿದ್ದನ್ನು ಸದನಕ್ಕೆ ಒಯ್ಯುವುದು, ನೆರೆಹೊರೆಯ ಶಾಂತಿಗೆ ಅದೂ ಒಂದು ದಾರಿ ಎಂದು ನಮ್ಮ ಕಡೆಯ ಸಂಸದರೊಬ್ಬರು ದಾರಿಯುದ್ದಕ್ಕೂ ವಿವರಿಸಿದರು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ಇದನ್ನೆಲ್ಲ ನಮ್ಮ ಸೋದರತ್ತೆ ಭತ್ಯೆಯಿಲ್ಲದೆ ಮಾಡುತ್ತಿದ್ದಳಲ್ಲ ಅಂದುಕೊಂಡೆ.

ನಮ್ಮ ಕನ್ನಡದ ಒಕ್ಕಲು ಮನೆಗಳಲ್ಲಿ ಎರಡು ಕುಟುಂಬ ಮಾತು ಬಿಟ್ಟರೆ ನಡುವೆ ಓಡಾಡಲು ಹಿರಿಯ ಹೆಂಗಸೊಬ್ಬಳು ಬೇಕು. ಆಕೆ ಹೊಸ್ತಿಲು ದಾಟಿದ ಕೂಡಲೇ ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಅದನ್ನು ಕುಡಿಯದೆ ಬಾಯಿ ತೆರೆಯುವಂತಿಲ್ಲ. ಬಿಟ್ಟುಬಂದ ಮನೆಯವರು ಆಡಿದ ಖಾರದ ಮಾತೆಲ್ಲ ಮಜ್ಜಿಗೆಯ ಜೊತೆ ಹೊಟ್ಟೆಗೆ ಹೋಗಬೇಕು, ಉಳಿದದ್ದನ್ನಷ್ಟೇ ಹೇಳಬೇಕು ಎಂಬುದು ಕಟ್ಟಳೆ. "ಮಾತ ಒಯ್ಯೋಳು ಮುಳ್ಳ ಒಯ್ಯಬಾರ್ದು" ಎಂದು ಅತ್ತೆ ಹೇಳುತ್ತಿದ್ದಳು. ಹಾವೂ ಸಾಯದೆ ಕೋಲೂ ಮುರಿಯದೆ ಅವಳು ಕೂಡಿಸಿದ ಮನೆಗಳು ಎಷ್ಟೋ. ಅವಳ ಬೆನ್ನಿಗೇ ಅಂಟಿಕೊಂಡು ಬೆಳೆದ ನನಗೆ ಆ ವಿದ್ಯೆ ರಕ್ತಕ್ಕೇ ಇಳಿದಿತ್ತು.

ಸಭೆಗೆ ಮೊದಲು ಚಹಾ ಕೊಟ್ಟರು. ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸು ನನ್ನ ಪಕ್ಕದಲ್ಲಿ ಕೂತಳು. ನನ್ನದೇ ವಯಸ್ಸು. ಕಂಕುಳಲ್ಲಿ ಎತ್ತಿಕೊಂಡು ದೋಣಿ ಹತ್ತಿದ ಮಗಳು ಈಗ ಅವಳಿಗಿಂತ ಎತ್ತರ ಬೆಳೆದು ಹಿಂದೆ ನಿಂತಿದ್ದಳು. ಊರಿಗೆ ಮರಳುವವರು ಅಂದು ಸಂಜೆಯೊಳಗೆ ಹೆಸರು ಬರೆಸಬೇಕಂತೆ. ಬರೆಸಿದರೆ ಇಲ್ಲಿನ ಕೋಣೆ, ರೇಷನ್ ಎರಡೂ ಹೋಗುತ್ತವೆ. ಅಲ್ಲಿ ತನ್ನ ಜಾಗ ಸಿಗುವುದಾದರೆ ಹೋಗುತ್ತೇನೆ, ಇಲ್ಲವಾದರೆ ಮಗಳನ್ನು ಎರಡನೇ ಸಲ ಬೀದಿಗೆ ತರುವುದಿಲ್ಲ ಎಂದಳು. ಅದನ್ನು ತಿಳಿದುಕೊಳ್ಳಲೆಂದೇ ಅವತ್ತಿನ ಕೂಲಿ ಬಿಟ್ಟು ಬಂದಿದ್ದಳು.

ಸಮುದಾಯ ಭವನದ ತಗಡಿನ ಮಾಡು ಬಿಸಿಲಿಗೆ ಕಾಯುತ್ತಿತ್ತು. ಅವಳ ಸರದಿ ಬಂದಾಗ ಎದ್ದು ನಿಂತು ಒಂದೇ ಉಸಿರಿಗೆ ತಮಿಳಿನಲ್ಲಿ ಕೇಳಿದಳು: "ನನ್ನ ಬಾವಿ, ನನ್ನ ತಾಳೆಮರ ಇರೋ ಜಾಗಕ್ಕೆ ಬೇಲಿ ಹಾಕಿ ನಿಮ್ಮ ಸೈನ್ಯ ಕೂತಿದೆ. ಬೇಲಿ ಯಾವಾಗ ತೆಗೀತೀರಿ? ತೆಗೆಯೋದಿಲ್ಲ ಅಂದ್ರೆ ನನ್ನನ್ನ ಯಾಕೆ ಕರೀತೀರಿ?"

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಹುಟ್ಟೂರಿಗೆ ಮರಳಿ ಸ್ವಂತ ನೆಲದಲ್ಲಿ ನೆಮ್ಮದಿಯಾಗಿ ಬಾಳುವ ಆಸೆ ಇವರಿಗಿದೆ, ತಮ್ಮ ಸಹಕಾರ ಕೋರುತ್ತಾರೆ. ಹೇಳುವಾಗ ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದೆನಲ್ಲ ಎಂದು ಹೆಮ್ಮೆಯೇ ಆಯಿತು.

ಲಂಕೆಯವರಲ್ಲಿ ಹಿರಿಯರಾಗಿದ್ದವರು, ಸಿಂಹಳ ಮಾತಾಡುವವರು, ಎದೆಯ ಮೇಲೆ ಕೈಯಿಟ್ಟು ನಕ್ಕರು. ಇವರ ಊರು ಇವರಿಗಾಗಿ ಕಾದಿದೆ, ಖಂಡಿತ ಬರಲಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ನಾನು ಅಕ್ಷರ ಬಿಡದೆ ತಮಿಳಿಗೆ ತಿರುಗಿಸಿದೆ. ಆ ಹೆಂಗಸಿನ ಮುಖ ಅರಳಿದ್ದನ್ನು ಹೇಗೆ ಹೇಳಲಿ! ಹೋಗಿ ಇಬ್ಬರ ಹೆಸರೂ ಬರೆಸು ಎಂದು ಮಗಳಿಗೆ ಹೇಳಿದಳು. ಹುಡುಗಿ ಹಿಂದೆ ಗುಮಾಸ್ತ ಕೂತಿದ್ದ ಮೇಜಿನ ಕಡೆ ನಡೆದಳು.

ಆಗಷ್ಟೇ ನನಗೆ ಹೊಳೆಯಿತು. ಅತ್ತೆ ಕೂಡಿಸುತ್ತಿದ್ದ ಮನೆಗಳಲ್ಲಿ ಮುರಿದಿದ್ದದ್ದು ಮನಸ್ಸು. ಇಲ್ಲಿ ಹೋಗಿರುವುದು ನೆಲ. ಮಾತು ಸಿಹಿ ಮಾಡಿದರೆ ಬೇಲಿ ಕರಗುವುದಿಲ್ಲ, ಇಷ್ಟು ಓದಿದವಳಿಗೆ ಇಷ್ಟು ತಿಳಿಯಬೇಡವೇ? ಮುಂದಿನವರನ್ನು ಕರೆಯುತ್ತಿದ್ದ ಅಧಿಕಾರಿಯನ್ನು ತಡೆದು ಎದ್ದು ನಿಂತೆ. ನಾನು ತಪ್ಪಾಗಿ ಹೇಳಿದೆ, ಅವರು ಕೇಳಿದ್ದು ಬೇರೆ ಎಂದು ಹೇಳಿ, ಅವಳ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅಧಿಕಾರಿ ನನ್ನನ್ನು ನುಂಗುವ ಹಾಗೆ ನೋಡಿದರು.

ಹಿರಿಯರ ನಗು ಹೋಯಿತು. ಊರಿನ ಹೆಸರು ಕೇಳಿದರು. ಪಕ್ಕದವರು ಏನೋ ಪಿಸುಗುಟ್ಟಿದರೆ ಕೈಯಿಂದಲೇ ಬೇಡವೆಂದರು. ಆಮೇಲೆ ನಿಧಾನವಾಗಿ ಹೇಳಿದರು: "ಆ ಊರು ನನಗೆ ಗೊತ್ತು. ಬೇಲಿ ತೆಗೆಯುವ ಯೋಚನೆ ಸದ್ಯಕ್ಕಿಲ್ಲ. ಬೇಲಿ ಇರಲಿ ಎಂದು ಸದನದಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಈಗ ಬಂದರೆ ಇವರು ಇನ್ನೊಂದು ಶಿಬಿರದಲ್ಲಿ ಇರಬೇಕಾಗುತ್ತದೆ."

ಎಲ್ಲರೂ ನನ್ನತ್ತ ತಿರುಗಿದರು. ಹಾಳು ನಾಲಿಗೆ ಆಗಲೂ ಮೆತ್ತನೆಯ ಮಾತುಗಳನ್ನು ಹುಡುಕುತ್ತಿತ್ತು. ಅವಳ ಮುಖವನ್ನೇ ನೋಡುತ್ತ, ಒಂದನ್ನೂ ಬಿಡದೆ ಹೇಳಿ ಮುಗಿಸಿದೆ. ಮೇಜಿನ ಬಳಿ ಮಗಳ ಕೈಗೆ ಪೆನ್ನು ಬಂದಾಗಿತ್ತು. "ಬರೀಬೇಡ, ಬಾ" ಎಂದು ತಾಯಿ ಕೂತಲ್ಲಿಂದಲೇ ಕರೆದಳು. ಆ ಜಾಗ ತನ್ನದೆಂದು ಅದೇ ಸದನದಲ್ಲಿ ಹೇಳಬೇಕು ಎಂದು ಆ ಹಿರಿಯರಿಗೆ ನನ್ನ ಮೂಲಕ ತಿಳಿಸಿದಳು. ಅವರು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ಹೇಳಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಕಾರು ಹತ್ತುವ ಮುಂಚೆ ಅವಳು ನನ್ನ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ, ಅವಳೇ ಮೊದಲು ಕೇಳಿದಳು.

"ಮೇಡಮ್, ಅವರಿಗೆ ನೋವಾಗುತ್ತೆ ಅಂತ ಮೊದಲು ಬೇರೆ ಥರ ಹೇಳಿದ್ರಾ?"

ಹೌದು ಎಂದೆ.

"ನೋವಾಗಲಿ ಅಂತಾನೇ ಅಲ್ವಾ ನಾನು ಕೇಳಿದ್ದು" ಎಂದಳು.