ಹೆಣ್ಣು ನೋಡಲು ಹೋಗಿ ಕಂಪ್ಯೂಟರ್ ನೋಡಿದ್ದು

ಶಿವಮೊಗ್ಗದ ಸಿಮೆಂಟ್ ಅಂಗಡಿಯೊಂದರಲ್ಲಿ ನಾನು ಕಂಪ್ಯೂಟರಿನಲ್ಲಿ ಬಿಲ್ ಹಾಕುತ್ತಿದ್ದೆ. ಅಷ್ಟನ್ನೇ ಹಿಡಿದುಕೊಂಡು ನಮ್ಮಮ್ಮ ಹೆಣ್ಣಿನ ಕಡೆಯವರಿಗೆಲ್ಲ 'ಹುಡುಗ ಕಂಪ್ಯೂಟರಲ್ಲಿದಾನೆ' ಎಂದು ಹೇಳಿಕೊಂಡು ಬರುತ್ತಿದ್ದಳು. ಅದರ ಫಲವನ್ನು ನಾನು ಭದ್ರಾವತಿಯ ಕಾಗದನಗರದಲ್ಲಿ ಉಣ್ಣಬೇಕಾಯಿತು.

ಉಪ್ಪಿಟ್ಟು, ಕೇಸರಿಬಾತು ಮುಗಿದಿತ್ತು. ಹುಡುಗಿ ಕಾಫಿ ಕೊಟ್ಟು ತಲೆ ತಗ್ಗಿಸಿ ಕೂತಿದ್ದಳು. ನೋಡಿದ ಕೂಡಲೇ ನನಗೆ ಇಷ್ಟವಾಗಿಬಿಟ್ಟಿದ್ದಳು. ಅವಳ ಮನಸ್ಸಿನಲ್ಲಿ ಏನಿದೆಯೋ ತಿಳಿಯಲೊಲ್ಲದು. ಅಷ್ಟರಲ್ಲಿ ಅವಳಪ್ಪ, "ಹೇಗೂ ಬಂದಿದೀರಿ, ನಮ್ಮ ಕಂಪ್ಯೂಟರ್ ಒಂಚೂರು ನೋಡ್ಬಿಡಿ. ಆನ್ ಆಗೋದೇ ಇಲ್ಲ" ಎಂದರು.

ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್, ಅಷ್ಟೇ. ನಮ್ಮ ಅಂಗಡಿಗೆ ಬರುವ ರಿಪೇರಿಯವನ ಮಾತನ್ನೇ ಒಪ್ಪಿಸಿದೆ: "ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕ್ಬೇಕು. ಅದರ ಸಿ.ಡಿ. ಕೊಡಿ." ಅವಳಮ್ಮ ನಾಚಿಕೊಂಡು ಹಿತ್ತಿಲು ತೋರಿಸಿದರು. ಒಣಹಾಕಿದ ಸಂಡಿಗೆಯ ಮೇಲೆ, ಕಾಗೆ ಬೆದರಿಸಲು ಕಟ್ಟಿದ್ದ ಸಿ.ಡಿ. ಬಿಸಿಲಿಗೆ ಸೊಟ್ಟಗಾಗಿ ತೂಗಾಡುತ್ತಿತ್ತು.

ಬೀಸೋ ದೊಣ್ಣೆ ತಪ್ಪಿತು ಎನ್ನಿಸಿತು. ಸಿ.ಡಿ. ಇಲ್ಲದೆ ಆಗುವುದಿಲ್ಲ ಎಂದು ಗತ್ತಿನಿಂದ ಹೇಳಿ ಎದ್ದುಬಿಡಬಹುದಿತ್ತು. ಆದರೆ ಎದ್ದರೆ ಬಸ್ಸು ಹತ್ತಬೇಕು, ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. "ನಿಜ ಹೇಳ್ತೀನಿ, ನನಗೆ ಬಿಲ್ ಹಾಕೋದು ಬಿಟ್ರೆ ಏನೂ ಬರಲ್ಲ" ಎಂದು ಅವಳ ಕಡೆ ತಿರುಗಿದೆ. "ನಿಮಗೇನಾದ್ರೂ ಗೊತ್ತಾ?" ನಮ್ಮಮ್ಮ ಹಣೆ ಚಚ್ಚಿಕೊಂಡಳು.

"ಗೊತ್ತು" ಎಂದಳು. "ಇದರ ಜೊತೆ ಬಂದ ಪುಸ್ತಕದಲ್ಲಿದೆ. ಸಿ.ಡಿ. ಬೇಕಾಗಿಲ್ಲ, ಒಳಗೇ ಇನ್ನೊಂದು ಕಾಪಿ ಇರುತ್ತೆ. ಇಷ್ಟು ದಿನ ಯಾರೂ ನನ್ನ ಕೇಳ್ಲಿಲ್ಲ." ಬಂದು ಕೂತು, ಆನ್ ಮಾಡುತ್ತಲೇ ಯಾವುದೋ ಕೀ ಒತ್ತಿದಳು. "ಒಳಗಿರೋದೆಲ್ಲ ಹೋಗುತ್ತೆ. ಹೋಗ್ಲಿ ಬಿಡಿ, ಅಪ್ಪ ಇಸ್ಪೀಟಾಡೋದು ಬಿಟ್ರೆ ಇದರಲ್ಲಿ ಏನೂ ಮಾಡ್ತಿರ್ಲಿಲ್ಲ."

ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಪಟ್ಟಿ ಪರದೆಯ ಮೇಲೆ ಆಮೆಯ ಹಾಗೆ ತೆವಳಿತು. ಅದು ಮುಗಿಯದೆ ನಮ್ಮನ್ನು ಕಳಿಸುವಂತಿಲ್ಲ. ಹಿರಿಯರು ಅಡಿಕೆ ರೇಟು, ನೆಂಟರ ಸುದ್ದಿ ಎಲ್ಲ ಮುಗಿಸಿ ತೂಕಡಿಸತೊಡಗಿದರು. ನಾವು ಮಾತಾಡಿದೆವು. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಯೊಂದು ತನ್ನ ಬುತ್ತಿ ಕಿತ್ತುಕೊಂಡದ್ದನ್ನು ಅವಳು ಹೇಳಿದಳು, ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಂಥ ಖುಷಿ ಅದಕ್ಕೆ ಮುಂಚೆ ನನಗೆ ಆಗಿರಲಿಲ್ಲ.

ಕೊನೆಗೆ, ಈ ಕಂಪ್ಯೂಟರನ್ನು ಯಾರ್ಯಾರು ಬಳಸುತ್ತೀರಿ ಎಂದು ಪರದೆ ಕೇಳಿತು. ಮೊದಲ ಸಾಲಿನಲ್ಲಿ ತನ್ನ ಹೆಸರು ಹೊಡೆದಳು. ಎರಡನೆಯ ಸಾಲಿನಲ್ಲಿ ಅವಳಪ್ಪನ ಹೆಸರು ಬರಬೇಕಿತ್ತು. ನನ್ನ ಹೆಸರು ಹೊಡೆದಳು.

"ಎಂಟರ್ ಒತ್ಲಾ?" ಎಂದು ನನ್ನನ್ನೇ ಕೇಳಿದಳು.