ತಮ್ಮನ ಬೆನ್ನಿಗೆ ಹಾಲು

ನಾಗರ ಪಂಚಮಿಯ ದಿನ ತಮ್ಮನ ಬೆನ್ನಿಗೆ ಹಾಲೆರೆಯುವ ಶಾಸ್ತ್ರ ಇಷ್ಟು ವರ್ಷ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲೇ ನಡೆದಿತ್ತು. ಈಚೆಗೆ ತಂಗಿ ಹತ್ತಿರದ ಪೀತಮ್‌ಪುರಕ್ಕೆ ಬಂದು ಮನೆ ಮಾಡಿದಳು. “ಈ ಸಲ ಅವಳು ಎರೀಲಿ ಅಕ್ಕ” ಎಂದು ತಮ್ಮ ಫೋನಿನಲ್ಲಿ ಹೇಳಿದ. ಆಗಲಿ ಎಂದೆ. ಅವಳ ಮನೆಗೆ ಹೋಗುವಾಗ, ನಾನು ಹಾಲೆರೆಯುತ್ತಿದ್ದ ಅಮ್ಮ ಕೊಟ್ಟ ಬೆಳ್ಳಿ ಗಿಂಡಿಯನ್ನು ಮಾತ್ರ ಒಯ್ಯಲಿಲ್ಲ. ತಂಗಿ ಸ್ಟೀಲ್ ಲೋಟ ತೊಳೆದಿಟ್ಟಳು.

ತಮ್ಮನಿಗೆ ನೋಯ್ಡಾದಲ್ಲಿ ಕೆಲಸ. ರಜಾ ದಿನಗಳಲ್ಲಿ, ಕರೆದವರ ಮನೆಗೆ ಹೋಗಿ ಹಾವು ಹಿಡಿದು ದೂರ ಬಿಟ್ಟುಬರುತ್ತಾನೆ. ನಾನು ಇದನ್ನು ರೋಹಿಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ತಂಗಿ ಇಡೀ ಬಿಲ್ಡಿಂಗಿಗೆ ಹೇಳಿದ್ದಳು. ಹಬ್ಬದ ಬೆಳಿಗ್ಗೆ ಹಾಲೆರೆಸಿಕೊಳ್ಳಲು ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗಲೇ ಗಾರ್ಡ್ ಓಡಿಬಂದ. “ಭಯ್ಯಾ, ಪಾರ್ಕ್ ಮೇ ಸಾಂಪ್!”

ಪಾರ್ಕಿನ ಹೂಕುಂಡಗಳ ಹಿಂದೆ ಎರಡು ನಾಗರಹಾವುಗಳಿದ್ದವು. ಹಬ್ಬಕ್ಕೆಂದು ಬಂದವನ ಕಾರಿನಲ್ಲಿ ಇದ್ದದ್ದು ಒಂದೇ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಎರಡನ್ನೂ ಅದರಲ್ಲೇ ಇಳಿಸಿ ಮುಚ್ಚಿದ. ನಾನು ಹತ್ತಿರವೇ ನಿಂತಿದ್ದೆ. ದೊಡ್ಡದು ತಲೆ ತಿರುಗಿಸಿ ಚಿಕ್ಕದರ ಕತ್ತಿನ ಕೆಳಗೆ ಕಚ್ಚಿತು. ತಕ್ಷಣ ಬಿಡಲಿಲ್ಲ, ಕಚ್ಚಿ ಹಿಡಿದುಕೊಂಡೇ ಇತ್ತು.

“ಅಯ್ಯೋ, ಹಬ್ಬದ ದಿನ!” ಎಂದಳು ತಂಗಿ. “ವಿಷ ಏರಿ ಸಾಯುತ್ತೆ ಅಲ್ವಾ ಅಣ್ಣ?”

“ಇದರ ವಿಷ ಇದರ ಜಾತಿಗೆ ಸಾಮಾನ್ಯವಾಗಿ ಏರಲ್ಲ ಕಣೇ. ಅದರ ನರದಲ್ಲಿ ಈ ವಿಷ ಕೂರೋಕೆ ಜಾಗವೇ ಇರಲ್ಲ. ಹಲ್ಲು ಆಳಕ್ಕೆ ನಾಟಿದ್ರೆ ಗಾಯದಿಂದ ಸಾಯಬಹುದು. ನೋಡೋಣ.”

“ನಾಗಪ್ಪ ಸತ್ರೆ ನಾನು ಹಾಲೆರೆಯಲ್ಲಪ್ಪ. ದೋಷ.”

“ಚಲೋ, ಹಾಗಾದ್ರೆ ಅಕ್ಕ ಎರೀತಾಳೆ” ಎಂದು ಅವನು ನಕ್ಕ.

“ಎರೀತೀನಿ” ಎಂದೆ. ಸ್ವಲ್ಪ ಬೇಗನೇ ಹೇಳಿದೆನೇನೋ, ಇಬ್ಬರೂ ನನ್ನ ಕಡೆ ನೋಡಿದರು.

ತಂಗಿ ತನ್ನ ಅಕ್ಕಿಡಬ್ಬ ಬರಿದು ಮಾಡಿ ತಂದುಕೊಟ್ಟಳು. ದೊಡ್ಡ ಹಾವನ್ನು ಅವನು ಅದಕ್ಕೆ ಬದಲಿಸಿದ. ಚಿಕ್ಕದಿದ್ದ ಡಬ್ಬವನ್ನು ಬಾಲ್ಕನಿಯ ನೆರಳಿನಲ್ಲಿಟ್ಟ. ತಂಬಿಟ್ಟಿನ ತಟ್ಟೆ ಹಾಗೇ ಇತ್ತು. ನಾನು ಮಣೆ ಹಾಕಿಕೊಂಡು ಡಬ್ಬದ ಮುಂದೆ ಕುಳಿತೆ. ಹಾವು ಸುರುಳಿ ಸುತ್ತಿ ಬಿದ್ದಿತ್ತು. ಗಾಯದ ಹತ್ತಿರ ರಕ್ತ ಒಣಗಿತ್ತು. ಅಲುಗುತ್ತಿರಲಿಲ್ಲ. ಗಿಂಡಿ ತಂದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮಧ್ಯಾಹ್ನ ಅದು ಒಮ್ಮೆಲೇ ಹೆಡೆಯೆತ್ತಿ ನನ್ನ ಮುಖದ ನೇರಕ್ಕೆ ಡಬ್ಬಕ್ಕೆ ಬಡಿಯಿತು. ನಾನು ಮಣೆ ಸಮೇತ ಹಿಂದಕ್ಕೆ ಬಿದ್ದೆ. ಒಳಗಿನಿಂದ ಓಡಿಬಂದ ತಂಗಿ ಹಾವಿಗೆ ಕೈಮುಗಿದಳು.

ತಮ್ಮ ಅಂಗಿ ಕಳಚಿ ಬಚ್ಚಲಿನಲ್ಲಿ ಕುಳಿತ. ತಂಗಿ ಫ್ರಿಜ್ಜಿನಿಂದ ಹಾಲು ತೆಗೆದು ಹಾಗೆಯೇ ಎರೆದಳು.

“ಅಯ್ಯಯ್ಯೋ, ತಣ್ಣಗಿದೆಯಲ್ಲೇ!” ಎಂದು ಅವನು ಬೆನ್ನು ಕುಗ್ಗಿಸಿ ನಕ್ಕ. ಅವಳೂ ನಕ್ಕಳು.

ನಾನು ಪ್ರತಿ ವರ್ಷ ಹಾಲನ್ನು ಉಗುರುಬೆಚ್ಚಗೆ ಮಾಡಿ ಎರೆಯುತ್ತಿದ್ದೆ. ಅವಳಿಗೆ ಅದನ್ನು ಹೇಳಲಿಲ್ಲ.