ಮೂರನೇ ಸಾಲಿನ ಕನ್ನಡಕ

ನಮ್ಮ ಭಾವ ಬಿಂದುಮಾಧವ ಅವರನ್ನು ಕಳ್ಳ ಅಂತ ಕರೆಯುವ ಹಕ್ಕು ಈ ಪುಣೆಯಲ್ಲಿ ನನಗೊಬ್ಬಳಿಗೇ ಇದೆ. ಅವರು ಕಳವು ಮಾಡುವಾಗ ಎಷ್ಟೋ ಸಲ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಬೇರೆ ಯಾರಾದರೂ ಆ ಮಾತು ಆಡಿದರೆ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ.

ಭಾವ ಧಾರವಾಡದವರು. ವಿಮಾ ಕಂಪನಿಯಲ್ಲಿ ಗುಮಾಸ್ತರು, ಬಿಬವೇವಾಡಿಯಲ್ಲಿ ಎರಡು ಕೋಣೆಯ ಮನೆ. ಆಫೀಸಿನಿಂದ ಒಂದು ಪೆನ್ಸಿಲ್ಲನ್ನೂ ಮನೆಗೆ ತಂದವರಲ್ಲ. ಅಂಥ ಮನುಷ್ಯ ‘ರೆಕಾರ್ಡಿಂಗ್ ಮಾಡಬಾರದು’ ಎಂದು ಮರಾಠಿಯಲ್ಲಿ ಬರೆದ ಬೋರ್ಡಿನ ಕೆಳಗೇ ನಡೆದು ಹೋಗಿ, ಒಂಬತ್ತು ವರ್ಷ ಸಂಗೀತ ಕಛೇರಿಗಳನ್ನು ಕದ್ದು ತಂದರು. ತಂದದ್ದು ನಮ್ಮಕ್ಕನಿಗೆ.

ನಮ್ಮಕ್ಕ ಶಾಮಲಾ, ಅವರ ಹೆಂಡತಿ. ಮದುವೆಯಾದಾಗಿನಿಂದ ಇಬ್ಬರೂ ಸ್ಕೂಟರ್ ಮೇಲೆ ಹೋಗಿ ಕೇಳದ ಕಛೇರಿ ಇಲ್ಲ. ಹಾಡಿನಲ್ಲಿ ಒಳ್ಳೆಯ ಜಾಗ ಬಂತೆಂದರೆ ಅಕ್ಕ ‘ಆಹಾ’ ಅನ್ನುವಳು, ಭಾವ ತೊಡೆ ತಟ್ಟುವರು. ಹಿಂದಿನ ಸಾಲಿನವರಿಗೆ ಇವರಿಬ್ಬರದೇ ಇನ್ನೊಂದು ಕಛೇರಿ. ತೊಂಬತ್ತಮೂರರಲ್ಲಿ ಅಕ್ಕನ ಬೆನ್ನೆಲುಬಿನ ಆಪರೇಷನ್ ಆಯಿತು, ನಾನು ಅವರ ಮನೆಯಲ್ಲೇ ಉಳಿದೆ. ಅಕ್ಕ ಮನೆಯೊಳಗೆ ಮೆಲ್ಲಗೆ ಓಡಾಡುವಳು, ಆದರೆ ಕಾಲು ತಾಸಿಗಿಂತ ಹೆಚ್ಚು ಕೂರುವಂತಿಲ್ಲ. ಕಾಲು ತಾಸಿನಲ್ಲಿ ನಮ್ಮ ಗಾಯಕರು ತಂಬೂರಿಯ ಶ್ರುತಿಯನ್ನೇ ಕೂಡಿಸಿರುವುದಿಲ್ಲ.

“ನೀವು ಹೋಗಿ ಬರ್ರಿ, ಬಂದು ಹೆಂಗಾತು ಹೇಳ್ರಿ,” ಅಂದಳು ಅಕ್ಕ. ಭಾವ ಹೋಗಿ ಬಂದು ಹೇಳಿದ್ದು: “ಛಲೋ ಆತು.” ಮೂರು ತಾಸಿನ ಗಾಯನಕ್ಕೆ ಎರಡು ಶಬ್ದ. ಅಕ್ಕ ಗೋಡೆಯ ಕಡೆ ಮಗ್ಗಲು ಬದಲಿಸಿದಳು. ಅದನ್ನು ನೋಡಿದ ಮೇಲೆ ಭಾವನಿಗೆ ಬೇರೆ ದಾರಿ ಹುಡುಕದೆ ವಿಧಿಯಿರಲಿಲ್ಲ.

ಮೊದಲು ಅಂಗೈಯಗಲದ ಟೇಪ್‌ರೆಕಾರ್ಡರನ್ನು ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡು ಹೋದರು. ಮನೆಗೆ ಬಂದು ಹಾಕಿದರೆ ರೆಕಾರ್ಡರಿನ ಮೋಟಾರು ಗರಗರ ಅನ್ನುವುದು ದೊಡ್ಡದಾಗಿ, ಗಾಯಕರು ಎಲ್ಲೋ ಬಾವಿಯೊಳಗೆ. ಜೊತೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಜುಬ್ಬದ ಸದ್ದು. ಅಕ್ಕ ಒಂದು ನಿಮಿಷ ಕೇಳಿ, “ಯಾರೋ ಕೂತು ಹಪ್ಪಳ ಮುರೀಲಿಕ್ಕತ್ತಾರ್ರಿ,” ಅಂದಳು. ನಕ್ಕಳು ನಿಜ, ಆದರೆ ಮುಂದೆ ಕೇಳಲಿಲ್ಲ.

ಹಾಗೆ ಶಿವಪ್ರಕಾಶನ ಪರಿಚಯವಾಯಿತು. ಬೆಳಗಾವಿಯವನು, ಬುಧವಾರ ಪೇಠದಲ್ಲಿ ಒಂದು ಮೆಟ್ಟಿಲ ಕೆಳಗಿನ ಅಂಗಡಿ, ಕಿವುಡರ ಕಿವಿಯಂತ್ರ ರಿಪೇರಿ ಅವನ ಕೆಲಸ. ಭಾವ ಗುಟ್ಟಾಗಿ ತಮ್ಮ ಬೇಡಿಕೆ ಹೇಳಿದಾಗ ಅವನು ಕಿವಿಯಂತ್ರದೊಳಗಿನ ಮೈಕುಗಳನ್ನೇ ಕೊಟ್ಟ, ಹೆಸರುಬೇಳೆಯಷ್ಟು. ಅವು ಮಾತಿಗಾಗಿ ಮಾಡಿದವು. ಅವುಗಳಲ್ಲಿ ಎಂಥ ಗಾಯಕರೂ ನೆಗಡಿ ಹಿಡಿದವರಂತೆ ಕೇಳಿಸಿದರು. ಆಮೇಲೆ ಅಂಗಿಗೆ ಸಿಕ್ಕಿಸುವ ಮೈಕು. ತಂಬೂರಿಯ ದನಿಗಿಂತ ಅದರದೇ ಸುಸ್ ಎನ್ನುವ ಸದ್ದು ಹೆಚ್ಚು. ಮೂರನೆಯ ಜೋಡಿ ಮುಂಬೈಯಿಂದ ತರಿಸಿದ ಜಪಾನಿನ ಮೈಕು, ತೊಗರಿಕಾಳಿನಷ್ಟು. ಅದು ಹಾಡನ್ನು ಚೆನ್ನಾಗಿಯೇ ಹಿಡಿಯಿತು, ಆದರೆ ತಬಲಾದವರು ಎಡಗೈ ಜೋರು ಮಾಡಿದರೆ ಚರ್ ಅಂತ ಒಡೆಯುತ್ತಿತ್ತು.

“ಮೈಕಿಂದು ತಪ್ಪಿಲ್ರಿ,” ಅಂದ ಶಿವಪ್ರಕಾಶ. “ನಿಮ್ಮ ರೆಕಾರ್ಡರ್ ಅದಕ್ಕ ಒಂದೂವರೆ ವೋಲ್ಟ್ ಕೊಡ್ತದ. ಉಪವಾಸ ಇಟ್ಟು ದುಡಿಸ್ಲಿಕ್ಕತ್ತೀರಿ.” ಒಂಬತ್ತು ವೋಲ್ಟಿನ ಬ್ಯಾಟರಿಗೆ ಸಣ್ಣ ಡಬ್ಬಿ ಮಾಡಿಕೊಟ್ಟ. ಒಡೆಯುವುದು ನಿಂತಿತು.

ಜಗಳವಾದದ್ದು ಪ್ರಿಆಂಪಿನ ಮೇಲೆ. ಮೈಕಿನ ಸಣ್ಣ ದನಿಯನ್ನು ರೆಕಾರ್ಡರಿಗೆ ಮುಟ್ಟುವಷ್ಟು ಏರಿಸುವ ಯಂತ್ರ ಅದು. ಭಾವನಿಗೆ ಎಲ್ಲಕ್ಕಿಂತ ಹೆಚ್ಚು ಏರಿಸುವುದೇ ಬೇಕು. ಶಿವಪ್ರಕಾಶ ಬೆಂಕಿಪೆಟ್ಟಿಗೆಯಷ್ಟು ಸಣ್ಣದನ್ನು ಮುಂದೆ ಇಟ್ಟು, “ಇದು ಕಡಿಮಿ ಏರಿಸ್ತದ, ಆದ್ರ ತಂದೇನೂ ಗದ್ಲಾ ಸೇರ್ಸಂಗಿಲ್ಲ,” ಅಂದ. ಭಾವ ಒಪ್ಪಲಿಲ್ಲ. ಕೊನೆಗೆ ಎರಡನ್ನೂ ಮನೆಗೆ ತಂದರು.

ತೀರ್ಪು ಕೊಡುವವಳು ಅಕ್ಕ. ಪಡಸಾಲೆಯಲ್ಲಿ ವಿದ್ಯುತ್ ತಂಬೂರಿಯನ್ನು ಅತಿ ಸಣ್ಣಗೆ ಇಟ್ಟು, ಅಡಿಗೆಮನೆಯಲ್ಲಿ ನನ್ನ ಕೈಯಿಂದ ಕುಕ್ಕರ್ ಏರಿಸಿದರು. ಸೀಟಿ ಒಡೆಯಬಾರದು, ತಂಬೂರಿ ಮುಳುಗಬಾರದು. ಎರಡನ್ನೂ ಗೆದ್ದದ್ದು ಮನೆಯಲ್ಲಿ ಉಳಿಯುತ್ತದೆ. ಭಾವನ ದೊಡ್ಡ ಪ್ರಿಆಂಪಿನಲ್ಲಿ ಕುಕ್ಕರ್ ಕೂಗಿದರೆ ರೈಲು ಹಳಿ ತಪ್ಪಿದಂತೆ ಕೇಳಿಸಿತು. ಅಕ್ಕ ಹೆಡ್‌ಫೋನ್ ಕಿತ್ತು ಒಗೆದು, “ಆ ಹುಡುಗ ಹೇಳಿದ್ದ ಖರೆ,” ಅಂದಳು. ಆ ವಾರವಿಡೀ ನಾವು ಹನ್ನೆರಡು ಸೀಟಿಗೆ ಕರಗಿಹೋದ ಬೇಳೆ ಉಂಡೆವು.

ಕಡೆಗೆ ಮೈಕುಗಳು ಭಾವನ ದಪ್ಪ ಚೌಕಟ್ಟಿನ ಕನ್ನಡಕದ ಕಡ್ಡಿಗಳಲ್ಲಿ, ಎರಡೂ ಕಿವಿಯ ಪಕ್ಕ, ನೆಲೆಯಾದವು. ವೈರು ಕೊರಳ ಹಿಂದಿನಿಂದ ಇಳಿದು ಜೇಬಿಗೆ. ಆ ಕನ್ನಡಕದಿಂದ ಬಂದ ಮೊದಲ ಟೇಪನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅಕ್ಕ ಕಣ್ಣು ಮುಚ್ಚಿ, ಮಲಗಿದಲ್ಲೇ ಕೈ ಎತ್ತಿ ತೋರಿಸಿದಳು: “ತಬಲಾ ಎಡಕ್ಕದ. ಹಾರ್ಮೋನಿಯಂ ಪೇಟಿ ಬಲಕ್ಕದ. ಹಿಂದ ಯಾರೋ ಮುದುಕರು ಕೆಮ್ಮಲಿಕ್ಕತ್ತಾರ.” ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ನಾಲ್ಕು ವರ್ಷವಾಗಿತ್ತು. ಭಾವ ಕನ್ನಡಕ ಒರೆಸುತ್ತ ನಿಂತರು. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಬಂತು, ಹೇಳಲಿಲ್ಲ ಅಷ್ಟೆ.

ಆದರೆ ಕಿವಿಯ ಪಕ್ಕದ ಮೈಕಿಗೆ ಎಲ್ಲರಿಗಿಂತ ಹತ್ತಿರದವರು ಭಾವನೇ. ಅವರು ಅಡಕೆ ಅಗಿದರೆ ಟೇಪಿನಲ್ಲಿ ಕಲ್ಲು ಒಡೆದಂತೆ, ಅಡಕೆ ಬಿಟ್ಟರು. ತಲೆ ತೂಗಿದರೆ ತಬಲಾದವರೇ ಎಡದಿಂದ ಬಲಕ್ಕೆ ಓಡಾಡಿದಂತೆ. ತಲೆ ತೂಗುವುದು ಬಿಟ್ಟರು. ತೊಡೆ ತಟ್ಟುವುದು, ‘ಆಹಾ’ ಅನ್ನುವುದು ಜೇಬಿನ ರೆಕಾರ್ಡರಿನ ಕಾಲಕ್ಕೇ ಹೋಗಿತ್ತು. ಇಡೀ ಸಭೆ ತೂಗಾಡುವಾಗ ಮೂರನೇ ಸಾಲಿನ ನಡುವೆ ಇವರೊಬ್ಬರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳುವವರಂತೆ ಬಿಗಿದು ಕೂರುವರು. “ಭಾವಾ, ಉಸಿರರ ಆಡ್ರಿ,” ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಇದನ್ನೆಲ್ಲ ಅಕ್ಕನಿಗೆ ಹೇಳಬೇಕೆಂದು ನನಗೆ ಎಂದೂ ಅನ್ನಿಸಲಿಲ್ಲ. ಅವರಂತೂ ಹೇಳುವವರೇ ಅಲ್ಲ.

ಎರಡು ಸಾವಿರದ ಮೂರನೇ ಇಸವಿ, ಮಾಘದ ಒಂದು ರವಿವಾರ ಬೆಳಿಗ್ಗೆ, ಸದಾಶಿವ ಪೇಠದಲ್ಲಿ ಲೀಲಾಕ್ಷಿಬಾಯಿಯವರ ಗಾಯನ. ಹುಬ್ಬಳ್ಳಿ ಕಡೆಯವರು, ಎಪ್ಪತ್ತರ ಹತ್ತಿರ, ಅಕ್ಕನಿಗೆ ಜೀವ. ಇನ್ನು ಮುಂದೆ ಸಭೆಗಳಲ್ಲಿ ಹಾಡುವುದಿಲ್ಲ ಎಂದು ಅವರು ಆಗಲೇ ಹೇಳಿಬಿಟ್ಟಿದ್ದರು. ಅಕ್ಕ ಒಂದು ವಾರದಿಂದ ದಿನ ಎಣಿಸುತ್ತಿದ್ದಳು. ಈ ಸಲ ಟೇಪಿನ ಬದಲು ಪುಟ್ಟ ತಟ್ಟೆಯ ಮೇಲೆ ಹಾಡು ಹಿಡಿಯುವ ಹೊಸ ಮಿನಿಡಿಸ್ಕ್ ರೆಕಾರ್ಡರು. ಒಂದೇ ತಟ್ಟೆಯಲ್ಲಿ ಎರಡೂವರೆ ತಾಸು ಹಿಡಿಯುತ್ತದೆ.

ಮಧ್ಯಂತರದಲ್ಲಿ ಸಂಘಟಕರ ಪೈಕಿ ಒಬ್ಬರು ಬಂದು ಮರಾಠಿಯಲ್ಲಿ, “ಬಾಯಿಯವರು ನಿಮ್ಮನ್ನು ಕರೆಯುತ್ತಿದ್ದಾರೆ,” ಅಂದರು. ಭಾವನ ಮುಖ ಬಿಳುಪೇರಿತು. ಸಿಕ್ಕಿಬಿದ್ದೆವು ಅಂದುಕೊಂಡೆ ನಾನೂ. ರಂಗದ ಹಿಂದಿನ ಕೋಣೆಯಲ್ಲಿ ಲೀಲಾಕ್ಷಿಬಾಯಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. ನಾವು ಕನ್ನಡದವರೆಂದು ಯಾರೋ ಹೇಳಿದ್ದರೆಂದು ಕಾಣುತ್ತದೆ.

“ಮೂರು ವರ್ಷ ಆತು ನಿಮ್ಮನ್ನ ನೋಡ್ಲಿಕ್ಕತ್ತು,” ಅಂದರು. “ಪ್ರತಿ ಸಲ ಅದ ಸಾಲು, ಅದ ಮಾರಿ. ಒಮ್ಮೆರ ಹೂಂ ಅಂದಿಲ್ಲ. ನಾ ಎಲ್ಲೆ ತಪ್ಪತೀನಿ ಹೇಳ್ರಿ.”

ಭಾವನಿಗೆ ಸುಳ್ಳು ಬರುವುದಿಲ್ಲ. ಕನ್ನಡಕ ತೆಗೆದು ಅವರ ಕೈಯಲ್ಲಿ ಇಟ್ಟರು. ಹೆಂಡತಿಯ ಬೆನ್ನು, ಒಂಬತ್ತು ವರ್ಷ, ಎಲ್ಲ ತೊದಲುತ್ತ ಹೇಳಿದರು. “ಬಾಯಿ ತಗದ್ರ ಆಕಿಗೆ ನನ್ನ ದನೀನ ಮೊದಲ ಕೇಳಸ್ತದರಿ. ಅದಕ್ಕ ಸುಮ್ಮ ಕೂಡತೀನಿ. ಬ್ಯಾಡ ಅಂದ್ರ ಈಗಿಂದೀಗ ಅಳಸ್ತೀನಿ.”

ಬಾಯಿಯವರು ಆ ಕಾಳಿನಷ್ಟು ಮೈಕನ್ನು ಉಗುರಿನಿಂದ ಮುಟ್ಟಿ ನೋಡಿದರು. “ನನ್ನ ಕೇಳಬೇಕಿತ್ತು.”

“ಕೇಳಿದ್ರ ಏನಂತಿದ್ರಿ?”

“ಬ್ಯಾಡಾನ ಅಂತಿದ್ದೆ.” ಕನ್ನಡಕ ತಿರುಗಿ ಕೊಟ್ಟರು. “ಒಯ್ರಿ. ಆದ್ರ ಇನ್ನೊಂದ್ ತಾಸು ನನ್ನ ಮುಂದ ಕಲ್ಲಿನಂಗ ಕೂಡಬ್ಯಾಡ್ರಿ. ಹಾಡೂದು ಮುಗಸಲಿಕ್ಕತ್ತೀನಿ. ನಿಮಗ ಮುಟ್ಟೇದೋ ಇಲ್ಲೋ ನನಗ ಗೊತ್ತಾಗ್ಬೇಕು.”

ಎರಡನೆಯ ಭಾಗದಲ್ಲಿ ಬಾಯಿಯವರು ತೋಡಿ ರಾಗ ಎತ್ತಿಕೊಂಡರು. ಭಾವ ಮೊದಲು ಹಾಗೇ ಬಿಗಿದು ಕೂತಿದ್ದರು. ಒಂಬತ್ತು ವರ್ಷದ ರೂಢಿ ಸುಮ್ಮನೆ ಹೋಗುವುದೇ? ಬಾಯಿಯವರು ಕೋಮಲ ಗಾಂಧಾರದ ಮೇಲೆ ನಿಂತು, ಅಲ್ಲಿಂದ ಮೆಲ್ಲಗೆ ರಿಷಭಕ್ಕೆ ಇಳಿದಾಗ, ಪಕ್ಕದಲ್ಲಿ ‘ಆಹಾ’ ಕೇಳಿಸಿತು. ಮುಂದಿನ ಸಾಲಿನವರು ಹೊರಳಿ ನೋಡಿದರು. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ತೊಡೆ ತಟ್ಟಿದರು, ತಲೆ ತೂಗಿದರು, ಒಂದು ಕಡೆ ಅತ್ತೇಬಿಟ್ಟರು.

ವಾಪಸು ಬರುವಾಗ ಸ್ಕೂಟರ್ ಮೇಲೆ ಅವರದು ಒಂದೇ ಗೋಳು. “ಎಲ್ಲಾ ಕೆಡಿಸಿಬಿಟ್ಟೆ ವರದಾ. ಆಕಿ ಎಷ್ಟು ದಾರಿ ಕಾದಿದ್ಲು. ಬ್ಯಾಟರಿ ಹೋತು ಅಂತ ಹೇಳಿಬಿಡಲೇನು?”

“ಹೇಳ್ರಿ ನೋಡೋಣ,” ಅಂದೆ. “ನಾನೂ ಬಾಯಿ ಬಿಡ್ತೀನಿ.”

ಊಟವಾದ ಮೇಲೆ ಅಕ್ಕ ಮಲಗಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಮೊದಲ ಭಾಗವೆಲ್ಲ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ಕಣ್ಣು ತೆರೆದು ಭಾವನನ್ನೇ ನೋಡತೊಡಗಿದಳು. ನನಗೆ ಆಗ ಹೊಳೆಯಿತು: ಹೆದರಿಕೆಯಲ್ಲಿ ಭಾವ ರೆಕಾರ್ಡರ್ ನಿಲ್ಲಿಸುವುದನ್ನೇ ಮರೆತಿದ್ದರು. ಆ ಕೋಣೆಯ ಮಾತೆಲ್ಲ ತಟ್ಟೆಯ ಮೇಲಿತ್ತು.

ಅಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ತೋಡಿ ಶುರುವಾಗಿರಬೇಕು, ಮತ್ತೆ ಕಣ್ಣು ಮುಚ್ಚಿದಳು. ಒಂದು ಸಲ ಬೆಚ್ಚಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ‘ಆಹಾ’ ಅಂದದ್ದು ತಾನೇ ಏನೋ ಅನ್ನಿಸಿತಂತೆ, ಆ ದನಿ ತನ್ನ ತಲೆಯ ನಡುವಿನಿಂದಲೇ ಬಂದಂತೆ ಕೇಳಿಸಿತಂತೆ. ಪೂರ್ತಿ ಮುಗಿಯುವವರೆಗೆ ಕೇಳಿ ಹೆಡ್‌ಫೋನ್ ತೆಗೆದಳು. ಭಾವ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಕೂತಿದ್ದರು.

“ಒಂಬತ್ತು ವರ್ಷ ಅಲ್ಲೆ ಕಲ್ಲಾಗಿ ಕೂತ್ರಿ,” ಅಂದಳು ಅಕ್ಕ. “ಹಂಗಾರ ನೀವು ಹಾಡು ಕೇಳಿದ್ದು ಯಾವಾಗ?”

“ಮನಿಗೆ ಬಂದ ಮ್ಯಾಲ.”

“ಮನ್ಯಾಗ ಹೆಡ್‌ಫೋನ್ ನನ್ನ ಕಿವ್ಯಾಗ ಇರ್ತಿತ್ತಲ್ರಿ.”

“ಹೌದು,” ಅಂದರು ಭಾವ. “ನಿನ್ನ ಮಾರಿ ನೋಡಕೋತ ಕೇಳತಿದ್ದೆ.”

ನಾನು ಎದ್ದು ಅಡಿಗೆಮನೆಗೆ ಹೋದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ.